ಮುಂಬೈಯಿಂದ ಮೈದುನ ಬರ್ತೀನಿ ಅಂದ, ನಾನು ಬೇಡ ಅಂದೆ

(2020ರ ಜೂನ್, ಕೊರೊನಾ ಕಾಲದ ಪತ್ರ ಮತ್ತು ಉತ್ತರ. ಇದರಲ್ಲಿರುವ ನಿಯಮ, ಸಹಾಯವಾಣಿ ಸಂಖ್ಯೆಗಳೆಲ್ಲ ಆಗಿನವು.)

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಯಜಮಾನರು, ನಾನು, ಅತ್ತೆ, ಮಗಳು. ಅತ್ತೆಗೆ 67 ವರ್ಷ, ಶುಗರ್ ಇದೆ. ಮಗಳಿಗೆ ಇದೇ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮೈದುನ ಹನ್ನೆರಡು ವರ್ಷದಿಂದ ಮುಂಬೈನಲ್ಲಿದ್ದಾನೆ, ಹೋಟೆಲ್ ಕೆಲಸ. ಮಾರ್ಚ್‌ನಿಂದ ಹೋಟೆಲ್ ಮುಚ್ಚಿದೆ, ಸಂಬಳ ಇಲ್ಲ. ಹೆಂಡತಿ, ಮೂರು ವರ್ಷದ ಮಗು ಸೇರಿ ಚಾಳ್‌ನ ಒಂದೇ ಕೋಣೆಯಲ್ಲಿದ್ದಾರೆ. ಹೋದ ವಾರ ಫೋನ್ ಮಾಡಿ ‘ಅತ್ತಿಗೆ, ಊರಿಗೆ ಬಂದುಬಿಡ್ತೀವಿ’ ಅಂದ. ಯಜಮಾನರು ಪಕ್ಕದಲ್ಲೇ ಇದ್ದರು. ‘ನೀನೇ ಏನಾದ್ರೂ ಹೇಳು’ ಅಂತ ಕೈಸನ್ನೆ ಮಾಡಿದರು. ನಾನು ‘ಈಗ ಬೇಡಪ್ಪ, ಪರೀಕ್ಷೆ ಮುಗೀಲಿ’ ಅಂದೆ. ಅವನು ಮಾತಾಡದೆ ಫೋನ್ ಇಟ್ಟ. ಆವತ್ತಿನಿಂದ ಅತ್ತೆ ನಾನು ಮಾಡಿದ ಮುದ್ದೆ ಮುಟ್ಟುತ್ತಿಲ್ಲ. ‘ಅವನ ದುಡ್ಡಲ್ಲಿ ಕಟ್ಟಿದ ಮನೆಗೆ ಅವನನ್ನೇ ಸೇರಿಸಲ್ಲ ಅಂತೀಯಲ್ಲ’ ಅನ್ನುತ್ತಾರೆ. ತಾರಸಿ ಹಾಕಿಸಿ, ಹೊರಗಿನಿಂದ ಮೆಟ್ಟಿಲು ಇಟ್ಟು, ಮೇಲೊಂದು ಕೋಣೆ, ಬಚ್ಚಲು ಕಟ್ಟಿಸಿದ್ದು ಅವನೇ, ಅದು ನಿಜ. ಈಗ ಮಗಳು ಅಲ್ಲಿ ಓದಿಕೊಳ್ಳುತ್ತಾಳೆ. ಮುಂಬೈಯವರನ್ನು ಸೇರಿಸಿದರೆ ನೋಡಿ ಅಂತ ಊರಿನವರು ಬೇರೆ ಹೇಳುತ್ತಿದ್ದಾರೆ. ನನ್ನ ತಮ್ಮ ಹೋಬಳಿ ಊರಿನಲ್ಲಿದ್ದಾನೆ, ಮಗಳ ಪರೀಕ್ಷಾ ಕೇಂದ್ರವೂ ಅಲ್ಲೇ. ಅವನೂ ‘ನೀನು ಹೇಳಿದ್ದು ಸರಿ’ ಅಂದ. ಆದರೆ ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ನಾನು ಅಷ್ಟು ಕೆಟ್ಟವಳಾ?
— ಹೆಸರು, ಊರು ಬೇಡ

ಉತ್ತರ: ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಕೆಟ್ಟವರಲ್ಲ, ಹೆದರಿದ್ದೀರಿ. ಈ ಮೂರು ತಿಂಗಳಲ್ಲಿ ಹೆದರದವರು ಯಾರಿದ್ದಾರೆ ಹೇಳಿ? ಮಾರ್ಚ್‌ನಲ್ಲಿ ನಮ್ಮ ಬೀದಿಯ ಒಂದು ಮನೆ ಬಾಗಿಲಿಗೂ ಕ್ವಾರಂಟೈನ್ ನೋಟಿಸ್ ಅಂಟಿಸಿದರು. ಆ ಮನೆಯ ಹುಡುಗ ವಿದೇಶದಿಂದ ಬಂದಿದ್ದ, ಎಡಗೈ ಮೇಲೆ ಸೀಲು. ಹುಷಾರಾಗೇ ಇದ್ದ. ಅವರ ಮನೆಯಲ್ಲಿ ಎಷ್ಟೋ ಸಲ ಕಾಫಿ ಕುಡಿದವಳು ನಾನು. ಆದರೂ ಹದಿನಾಲ್ಕು ದಿನ ರಸ್ತೆಯ ಆಚೆ ಬದಿಯಲ್ಲೇ ನಡೆದೆ. ಹೋಗಲಿ, ಫೋನ್ ಮಾಡಿ ‘ತರಕಾರಿ ಏನಾದ್ರೂ ಬೇಕಾ’ ಅಂತಲಾದರೂ ಕೇಳಬಹುದಿತ್ತು. ಅದನ್ನೂ ಮಾಡಲಿಲ್ಲ. ಹಾಗಾಗಿ ನಿಮಗೆ ಬುದ್ಧಿ ಹೇಳುವ ಎತ್ತರದಲ್ಲೇನೂ ನಾನಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಒಂದು ಕಡೆ ನಾನು ನಿಂತುಬಿಟ್ಟೆ. ಮೇಲಿನ ಕೋಣೆ. ಹೊರಗಿನಿಂದ ಮೆಟ್ಟಿಲು ಇದೆ, ಬಚ್ಚಲು ಇದೆ. ಈ ಕಾಯಿಲೆ ಕಾಲದಲ್ಲಿ ಹಳ್ಳಿ ಮನೆಗಳಲ್ಲಿ ಇರದೇ ಇರುವ ಅನುಕೂಲ ಅದೇ ತಾನೇ? ಎಷ್ಟೋ ಮನೆಗಳಲ್ಲಿ ನಡುಮನೆಗೆ ಸೀರೆ ಅಡ್ಡ ಕಟ್ಟಿ ಆಚೆ ಒಬ್ಬರನ್ನು ಮಲಗಿಸುತ್ತಿದ್ದಾರೆ. ನಿಮಗೆ ಕೋಣೆಯೇ ಇದೆ. ಅದನ್ನು ಕಟ್ಟಿಸಿದವನು ಅದಕ್ಕೇ ಬರುತ್ತೀನಿ ಅನ್ನುತ್ತಿದ್ದಾನೆ. ಅತ್ತೆಯ ಮಾತು ಚುಚ್ಚಿದ್ದು ಅದಕ್ಕೇ ಇರಬೇಕು, ಅದರಲ್ಲಿ ಸ್ವಲ್ಪ ನಿಜ ಇದೆ. ನಿಮ್ಮ ತಾಲ್ಲೂಕಿನಲ್ಲಿ ಮುಂಬೈ ದುಡ್ಡು ತಾಗದ ಮನೆ ಎಷ್ಟಿವೆ? ಹಬ್ಬಕ್ಕೆ ಬಟ್ಟೆಬರೆ ತಂದಾಗ ಅವನು ‘ನಮ್ಮ ಹುಡುಗ’ ಆಗಿದ್ದ. ಈಗ ಮುಂಬೈಯವನಾಗಿಬಿಟ್ಟ.

ಟಿವಿಯೂ ಇದಕ್ಕೆ ತುಪ್ಪ ಸುರಿಯುತ್ತಿದೆ. ಜೂನ್ 2ರಂದು ರಾಜ್ಯದಲ್ಲಿ ಒಂದೇ ದಿನ 388 ಕೇಸು ಬಂತು, ಉಡುಪಿಯಲ್ಲೇ 150. ಹೆಚ್ಚುಕಡಿಮೆ ಎಲ್ಲರೂ ಹೊರರಾಜ್ಯದಿಂದ ಬಂದವರು. ಇದು ಸುಳ್ಳಲ್ಲ, ನಿಮ್ಮ ಭಯಕ್ಕೆ ಆಧಾರ ಇದೆ. ಆದರೆ ಆ ಸಂಖ್ಯೆಯ ಇನ್ನೊಂದು ಮಗ್ಗುಲು ನೋಡಿ. ಗಡಿಯಲ್ಲಿ ತಡೆದು, ಹಾಸ್ಟೆಲ್‌ನಲ್ಲಿ ಇರಿಸಿ, ಗಂಟಲು ದ್ರವ ತೆಗೆದು ನೋಡಿದ್ದಕ್ಕೇ ಅಷ್ಟು ಜನ ಸಿಕ್ಕಿದ್ದು. ಸಿಕ್ಕಿದವರಿಂದ ಊರಿಗೆ ಅಪಾಯ ಕಡಿಮೆ. ಈರುಳ್ಳಿ ಲಾರಿಯಲ್ಲಿ ಟಾರ್ಪಾಲಿನ ಕೆಳಗೆ ಕೂತು, ರಾತ್ರೋರಾತ್ರಿ ಇಳಿದು, ಯಾರಿಗೂ ಹೇಳದೆ ಮನೆ ಸೇರಿದವರಿಂದ ಜಾಸ್ತಿ. ಊರಿನವರು ‘ಬರಲೇಬೇಡಿ’ ಅಂದಷ್ಟೂ ಜನ ಹೀಗೆ ಕದ್ದು ಬರುತ್ತಾರೆ. ನಿಮ್ಮ ಮೈದುನ ಹಾಗೆ ಮಾಡಲಿಲ್ಲ. ಫೋನ್ ಮಾಡಿ ಕೇಳಿದ. ಅದನ್ನು ಮರೆಯಬೇಡಿ.

ಈಗ ನಿಮ್ಮ ಯಜಮಾನರ ವಿಷಯ. ಇದನ್ನು ಅವರಿಗೂ ಓದಿ ಹೇಳಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಒಡಹುಟ್ಟಿದ ತಮ್ಮ ಕಷ್ಟದಲ್ಲಿ ಫೋನ್ ಮಾಡಿದ್ದಾನೆ. ಅಣ್ಣ ಪಕ್ಕದಲ್ಲೇ ಕೂತಿದ್ದಾನೆ. ಬೇಡ ಅನ್ನುವ ಕೆಲಸ ಮಾತ್ರ ಅತ್ತಿಗೆಗೆ. ನಾಳೆ ಊರಲ್ಲಿ ಏನು ಮಾತಾಗುತ್ತದೆ? ‘ಅವನೇನೋ ಒಳ್ಳೆಯವನೇ, ಆ ಹೆಂಗಸು ಸೇರಿಸಲಿಲ್ಲ.’ ಇದು ಕೊರೊನಾ ಬಂದ ಮೇಲೆ ಶುರುವಾದದ್ದಲ್ಲ. ಆಸ್ತಿ ಭಾಗದಲ್ಲಿ, ಹಬ್ಬದ ಖರ್ಚಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಸರದಿಯಲ್ಲಿ, ಎಲ್ಲ ಕಡೆ ಗಂಡಸು ಮೌನವಾಗಿದ್ದು ಒಳ್ಳೆಯವನಾಗುತ್ತಾನೆ, ಸೊಸೆ ಬಾಯಿಬಿಟ್ಟು ಕೆಟ್ಟವಳಾಗುತ್ತಾಳೆ. ನಿಮಗೆ ನಿದ್ದೆ ಬರದಿರುವುದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ಗುಮಾನಿ. ನೀವು ಹೇಳಿದ್ದು ಇಬ್ಬರ ಮನಸ್ಸಿನ ಮಾತು, ಹೊತ್ತಿರುವುದು ಒಬ್ಬರೇ. ಹಾಗಾಗಿ ಮುಂದಿನ ಫೋನ್ ಅವರೇ ಮಾಡಬೇಕು. ‘ಆವತ್ತು ನಾನೇ ಮಾತಾಡಬೇಕಿತ್ತು, ಹೆದರಿ ನಿಮ್ಮ ಅತ್ತಿಗೆ ಕೈಯಲ್ಲಿ ಹೇಳಿಸಿದೆ’ ಅಂತ ತಮ್ಮನಿಗೆ ಹೇಳಬೇಕು. ಅತ್ತೆಯ ಕಿವಿಗೆ ಬೀಳುವ ಹಾಗೆ.

ಆ ಫೋನಿನಲ್ಲಿ ಮೊದಲು ಕೇಳಬೇಕಾದ್ದು, ಪರೀಕ್ಷೆ ಮುಗಿಯುವ ತನಕ ಅಲ್ಲೇ ಇರಲು ಆಗುತ್ತದೆಯೇ ಅಂತ. ಬಾಡಿಗೆಗೆ, ರೇಷನ್ನಿಗೆ ಇಲ್ಲಿಂದ ದುಡ್ಡು ಕಳಿಸಿದರೆ ಆದೀತೇ? ಆಗುತ್ತೆ ಅಂದರೆ ಒಳ್ಳೆಯದೇ. ಆದರೆ ಇದನ್ನು ತಪ್ಪಿಸಿಕೊಳ್ಳುವ ದಾರಿಯಾಗಿ ಕೇಳಬೇಡಿ. ಒಂದೇ ಕೋಣೆ, ಸಾಲು ಮನೆಗಳಿಗೆಲ್ಲ ಸೇರಿ ಕಕ್ಕಸು, ಮೂರು ವರ್ಷದ ಮಗು. ಅಲ್ಲಿ ದೂರ ದೂರ ಇರಿ ಅನ್ನುವುದೇ ತಮಾಷೆ. ಅವನು ‘ಆಗಲ್ಲ ಅಣ್ಣ’ ಅಂದರೆ ಅಲ್ಲಿಗೆ ಆ ಮಾತು ಮುಗಿಯಿತು. ಬರಲಿ.

ಬರುವುದಾದರೆ ದಿನಗಳ ಲೆಕ್ಕ ನೋಡಿ. ಮಹಾರಾಷ್ಟ್ರದಿಂದ ಬಂದವರು ಈಗ 7 ದಿನ ಸರ್ಕಾರಿ ಕ್ವಾರಂಟೈನ್‌ನಲ್ಲಿ, ಆಮೇಲೆ 7 ದಿನ ಮನೆಯಲ್ಲಿ ಇರಬೇಕು. 16ಕ್ಕೆ ಬಂದಿಳಿದರು ಅಂತಿಟ್ಟುಕೊಳ್ಳಿ. 23ರವರೆಗೆ ಹಾಸ್ಟೆಲ್ಲೋ ವಸತಿ ಶಾಲೆಯೋ. ಅಲ್ಲಿಂದ 30ರವರೆಗೆ ಮೇಲಿನ ಕೋಣೆ. ಸೋಂಕು ತಗುಲಿದ್ದರೆ ಲಕ್ಷಣ ಸಾಮಾನ್ಯವಾಗಿ 5–6 ದಿನದಲ್ಲಿ ಕಾಣುತ್ತದೆ, ತಡವಾದರೂ 14 ದಿನದೊಳಗೆ. ಅಂದರೆ ಹೆಚ್ಚಿನ ಭಯದ ದಿನಗಳು ನಿಮ್ಮ ಹೊಸ್ತಿಲಿನ ಆಚೆಯೇ ಕಳೆದಿರುತ್ತವೆ. ಜ್ವರ, ಕೆಮ್ಮು ಕಂಡರೆ ಅಲ್ಲೇ ಟೆಸ್ಟ್. ಪಾಸಿಟಿವ್ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಮನೆಗೆ ಕಳಿಸುವುದಿಲ್ಲ.

ಅವರು ಸೇವಾಸಿಂಧು ಪೋರ್ಟಲ್‌ನಲ್ಲಿ ಮೂವರ ಹೆಸರನ್ನೂ ನೋಂದಾಯಿಸಿಯೇ ಹೊರಡಲಿ. ನಿಯಮ ವಾರಕ್ಕೊಂದು ಸಲ ಬದಲಾಗುತ್ತಿದೆ, ನಾನು ಬರೆದದ್ದು ಅಚ್ಚಾಗುವಷ್ಟರಲ್ಲಿ ಇನ್ನೊಂದಾಗಿರಬಹುದು. ಟಿಕೆಟ್ ತೆಗೆಯುವ ಮುಂಚೆ ಸರ್ಕಾರದ ಸಹಾಯವಾಣಿ 14410ಕ್ಕೋ 104ಕ್ಕೋ ಫೋನ್ ಮಾಡಿ ಕೇಳಿಕೊಳ್ಳಿ. ಹಾಸ್ಟೆಲ್ ಅಂದರೆ ಮನೆಯ ಹಾಗಿರುವುದಿಲ್ಲ. ಹೊದಿಕೆ, ಸೋಪು, ಸೊಳ್ಳೆ ಬತ್ತಿ, ಮಗುವಿಗೆ ಬಿಸ್ಕತ್ತು, ಹಾಲಿನ ಪುಡಿ ಅವರೇ ತರಲಿ.

ಮಗಳನ್ನು 20ರ ಹೊತ್ತಿಗೆ ನಿಮ್ಮ ತಮ್ಮನ ಮನೆಗೆ ಕಳಿಸಿಬಿಡಿ. ಪರೀಕ್ಷಾ ಕೇಂದ್ರ ಅಲ್ಲೇ ಅಂತ ನೀವೇ ಬರೆದಿದ್ದೀರಿ. ‘ಬೇಡ ಅಂದಿದ್ದು ಸರಿ’ ಅಂದ ಅವನೇ ಅಕ್ಕನ ಮಗಳಿಗೆ ಹದಿನೈದು ದಿನ ಊಟ ಹಾಕಲಿ, ಸಲಹೆ ಕೊಟ್ಟವರಿಗೂ ಒಂದಷ್ಟು ಕೆಲಸ ಇರಬೇಕಲ್ವಾ? ಆ ಹುಡುಗಿಯ ಕಷ್ಟವೂ ಕಡಿಮೆಯದಲ್ಲ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ. ಓದಿದ್ದನ್ನೇ ಓದಿ ಓದಿ, ಚಂದನ ಟಿವಿಯ ಪಾಠ ನೋಡಿ ನೋಡಿ ಮೂರು ತಿಂಗಳು ತಳ್ಳಿದ್ದಾಳೆ. ರಾಜ್ಯದ ಸುಮಾರು 8.5 ಲಕ್ಷ ಮಕ್ಕಳದ್ದೂ ಇದೇ ಪಾಡು. ಅಕಸ್ಮಾತ್ ಏನಾದರೂ ಆಗಿ ಬರೆಯಲು ಆಗದಿದ್ದರೆ, ಪೂರಕ ಪರೀಕ್ಷೆಯಲ್ಲಿ ಬರೆದರೂ ಅದನ್ನು ಮೊದಲ ಪ್ರಯತ್ನ ಎಂದೇ ಎಣಿಸುವುದಾಗಿ ಸರ್ಕಾರ ಹೇಳಿದೆ. ಅವಳಿಗೆ ಇದು ಗೊತ್ತಿರಲಿ. ‘ಚಿಕ್ಕಪ್ಪನಿಂದ ನನ್ನ ವರ್ಷ ಹಾಳಾಯಿತು’ ಅನ್ನುವ ಮಾತು ಅವಳ ತಲೆಗೆ ಹೋಗದಿರಲಿ. ಕೋಣೆ ಬಿಟ್ಟುಕೊಡುವ ಮುಂಚೆ ಅವಳನ್ನು ಒಂದು ಮಾತು ಕೇಳಿ. ಮಕ್ಕಳನ್ನು ಕೇಳುವುದನ್ನೇ ಮರೆಯುತ್ತೇವೆ.

ನೀವು ಪತ್ರದ ತುಂಬ ಮಗಳ ಬಗ್ಗೆ ಹೆದರಿದ್ದೀರಿ. ನನಗೆ ಅವಳಿಗಿಂತ ಹೆಚ್ಚು ಚಿಂತೆ ಇರುವುದು ಅತ್ತೆಯದು. ಹದಿನೈದು ಹದಿನಾರರ ಹುಡುಗಿಗೆ ಬಂದರೂ ಸಾಮಾನ್ಯವಾಗಿ ಜ್ವರ, ನೆಗಡಿಯಲ್ಲಿ ಹೋಗುತ್ತದೆ. 67 ವಯಸ್ಸು, ಮೇಲೆ ಶುಗರ್ ಅಂದರೆ ಹಾಗಲ್ಲ. ಈ ಕಾಯಿಲೆ ಜಾಸ್ತಿ ಕಾಡುತ್ತಿರುವುದು ಅಂಥವರನ್ನೇ. ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ತೀರಿಕೊಂಡರಲ್ಲ, ದೇಶದ ಮೊದಲ ಕೊರೊನಾ ಸಾವು, ಅವರಿಗೆ 76. ನಿಮ್ಮ ಅತ್ತೆಗೆ ಇದನ್ನು ಯಾರೂ ಹೇಳಿದ ಹಾಗೆ ಕಾಣುವುದಿಲ್ಲ. ಅವರಿಗೆ ಕೇಳಿಸಿದ್ದು ‘ನಿನ್ನ ಮಗ ಬೇಡ’ ಅಂತ. ನೀವು ಹೇಳಬೇಕಿರುವುದು ‘ನೀವು ನಮಗೆ ಬೇಕು’ ಅಂತ. ನೀವು ಹೇಳಿದರೆ ಈಗ ಕೇಳಲಿಕ್ಕಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವರ ಬಾಯಲ್ಲಿ ಹೇಳಿಸಿ. ಶುಗರ್ ಮಾತ್ರೆ ಎರಡು ತಿಂಗಳಿಗಾಗುವಷ್ಟು ಈಗಲೇ ತಂದಿಡಿ.

ನಿಜವಾದ ಫಜೀತಿ ಆ ಪುಟ್ಟ ಮಗುವಿನದು. ದೊಡ್ಡವರು ಏಳು ದಿನ ಮೇಲೆಯೇ ಇರುತ್ತಾರೆ. ಮೂರು ವರ್ಷದ ಕೂಸಿಗೆ ಕ್ವಾರಂಟೈನ್ ಅಂದರೆ ಏನು ಗೊತ್ತು? ಅಜ್ಜಿಯನ್ನು ಕಂಡರೆ ಮೆಟ್ಟಿಲಿಳಿದು ಓಡಿ ಬರುತ್ತದೆ, ಅಜ್ಜಿಯೂ ಎತ್ತಿಕೊಂಡುಬಿಡುತ್ತಾರೆ. ಅದಕ್ಕೆ ಮೆಟ್ಟಿಲಿನ ಮೇಲ್ತುದಿಗೆ ಒಂದು ಹಲಗೆಯೋ ತಡಿಕೆಯೋ ಅಡ್ಡ ಕಟ್ಟಿಸಿ. ಸಂಜೆ ಅತ್ತೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರಲಿ, ಮಗು ಮೇಲಿನಿಂದ ಕೂಗಿ ಮಾತಾಡಲಿ. ಊಟ ಮೆಟ್ಟಿಲ ಮೇಲಿಟ್ಟು ನೀವು ಇಳಿದ ಮೇಲೆ ಅವರು ಬಂದು ತೆಗೆದುಕೊಳ್ಳಲಿ. ತಟ್ಟೆ, ಲೋಟ, ಬಟ್ಟೆ ಅವರದ್ದು ಅವರೇ ತೊಳೆದುಕೊಳ್ಳಲಿ. ಇದನ್ನೆಲ್ಲ ಮುಂಚೆಯೇ ಫೋನಿನಲ್ಲಿ ಹೇಳಿಬಿಡಿ. ಬಂದು ನಿಂತ ಮೇಲೆ ಹೇಳಿದರೆ ಮುಟ್ಟುಚಟ್ಟು ಮಾಡಿದ ಹಾಗೆ ಅನ್ನಿಸುತ್ತದೆ.

ಊರಿನವರದ್ದು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ, ಆದರೆ ಮುಚ್ಚಿಡಲೂ ಬೇಡಿ. ಯಜಮಾನರು ಪಂಚಾಯಿತಿಗೆ ಹೋಗಿ ಪಿಡಿಒ ಹತ್ತಿರ ‘ಇಂಥ ದಿನ ಬರುತ್ತಾರೆ, ಇಂಥ ಕಡೆ ಕ್ವಾರಂಟೈನ್, ಆಮೇಲೆ ಮನೆಗೆ’ ಅಂತ ಹೇಳಿ ಬರಲಿ. ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಅಂಟಿಸಲಿ. ಡೇರಿಗೆ ಹಾಲು ಹಾಕುವುದಿದ್ದರೆ ಆ ಏಳು ದಿನ ಏನು ಮಾಡಬೇಕು ಅಂತ ಕಾರ್ಯದರ್ಶಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜಗಳ ಶುರುವಾಗುವುದು ಇಂಥ ಸಣ್ಣ ವಿಷಯದಲ್ಲೇ. 21ಕ್ಕೆ ಸೂರ್ಯಗ್ರಹಣ ಬೇರೆ ಇದೆ. ಟಿವಿಯಲ್ಲಿ ಜ್ಯೋತಿಷಿಗಳು ಅದನ್ನೂ ಕೊರೊನಾವನ್ನೂ ಗಂಟು ಹಾಕಿ ಕೂರುತ್ತಾರೆ. ಆವತ್ತೊಂದು ದಿನ ಟಿವಿ ಹಾಕದಿದ್ದರೆ ಅತ್ತೆಗೂ ನಿಮಗೂ ಒಳ್ಳೆಯದು.

ಮುದ್ದೆಯ ವಿಷಯ ನನಗೆ ಹೇಗೆ ಸರಿಮಾಡಬೇಕೋ ಗೊತ್ತಿಲ್ಲ. ಅತ್ತೆ ಒಂದೇ ದಿನಕ್ಕೆ ಕರಗಲಿಕ್ಕಿಲ್ಲ. ನೀವು ಎಂದಿನಂತೆ ಅವರ ತಟ್ಟೆ ಹಾಕಿಡಿ.

ಯಜಮಾನರು ತಮ್ಮನ ಹತ್ತಿರ ಮಾತು ಮುಗಿಸಿದ ಮೇಲೆ ಫೋನ್ ಈಸಿಕೊಂಡು ನಿಮ್ಮ ವಾರಗಿತ್ತಿಗೆ ಕೊಡಲು ಹೇಳಿ. ಆವತ್ತಿನ ಮಾತು ಎತ್ತಬೇಡಿ, ಅವಳೇ ಎತ್ತಿದರೆ ‘ಹೆದರಿದ್ದೆ ಕಣೆ’ ಅನ್ನಿ, ಸಾಕು. ಮೇಲಿನ ಕೋಣೆ ಗುಡಿಸುತ್ತಿದ್ದೀನಿ ಅನ್ನಿ. ಆಮೇಲೆ, ಮಗು ಈಗ ಅನ್ನ ತಿನ್ನುತ್ತಾ, ಇನ್ನೂ ಹಾಲೇನಾ ಅಂತ ಕೇಳಿ.