ಸಭಾಪಾಲಕರಿಗೆ ದೇವರ ಕರೆ ಹೇಗೆ ಬರುತ್ತದೆ, ಅವರು ಸ್ವರ್ಗವನ್ನು ನಿಜವಾಗಿ ನಂಬುತ್ತಾರೆಯೇ?

ಕ್ರೈಸ್ತ ಬೋಧಕರು ಚಿಕ್ಕಂದಿನಿಂದಲೇ ಅದಕ್ಕಾಗಿ ಬೆಳೆದವರೇ, ದೇವರ ಕರೆ ಎಂದರೆ ಏನು, ಸ್ವರ್ಗವನ್ನು ಮನಸಾರೆ ನಂಬುತ್ತೀರಾ ಎಂದು ಕೇಳಿದ್ದೀರಿ. ಮಂಗಳೂರಿನ ಕಡೆ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಎಂಬ ಪ್ರಾಟೆಸ್ಟಂಟ್ ಚರ್ಚಿನಲ್ಲಿ ಸಭಾಪಾಲಕನಾಗಿರುವ, ಎಂದರೆ ಪಾಸ್ಟರ್ ಆಗಿರುವ ನಾನು ನನ್ನ ಮಟ್ಟಿಗೆ ಉತ್ತರಿಸುತ್ತೇನೆ.

ನಮ್ಮದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಕಾಲದಿಂದ ಬಂದ ಕುಟುಂಬ. 1834ರಲ್ಲಿ ಆ ಮಿಷನರಿಗಳು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರು ಬಂಧುಬಳಗವನ್ನೂ ಇದ್ದ ಮನೆಯನ್ನೂ ಒಟ್ಟಿಗೆ ಕಳೆದುಕೊಂಡರು. ಅಂಥವರ ಹೊಟ್ಟೆಪಾಡಿಗೆಂದು ಮೊದಲು ನೇಯ್ಗೆಯೂ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯೂ ಆರಂಭವಾದವು. ನನ್ನ ಅಜ್ಜ ಹಂಚಿನ ಕೆಲಸದವರು. ಸಂಜೆ ಅಜ್ಜಿ ಚಾಪೆ ಹಾಸಿದರೆ ಎಲ್ಲರೂ ಕುಳಿತು, ಜರ್ಮನ್ ರಾಗಕ್ಕೆ ಕನ್ನಡದ ಮಾತು ಹೊಂದಿಸಿದ ಒಂದು ಗೀತೆ ಹಾಡಿ, ಸತ್ಯವೇದದ, ಎಂದರೆ ಬೈಬಲಿನ, ಒಂದು ಅಧ್ಯಾಯ ಓದಿ, ಮೊಣಕಾಲೂರಿ ಪ್ರಾರ್ಥಿಸಬೇಕಿತ್ತು. ಮನೆಮಾತು ತುಳು, ಪ್ರಾರ್ಥನೆ ಮಾತ್ರ ಕನ್ನಡ; ಹೀಗಾಗಿ ದೇವರ ಮಾತು ಕನ್ನಡವೆಂದೇ ಬಾಲ್ಯದಲ್ಲಿ ತಿಳಿದಿದ್ದೆ. ಆದರೂ ಬೋಧಕನಾಗುವ ಯೋಚನೆ ನನಗಿರಲಿಲ್ಲ. ಪದವಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದೆ, ಅಪ್ಪ ನೆಮ್ಮದಿಯಾಗಿದ್ದರು.

ಒಂದು ಶನಿವಾರ ನಮ್ಮ ಸಭೆಯ ಹಿರಿಯರೊಬ್ಬರು, ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರ ಮನೆಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ತಮ್ಮ ಕನ್ನಡಕ ಮರೆತು ಬಂದಿದ್ದರಿಂದ ಓದುವ ಕೆಲಸವನ್ನು ನನಗೆ ಒಪ್ಪಿಸಿದರು. ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯ. ನನ್ನ ತಂದೆಯ ಮನೆಯಲ್ಲಿ ಬೇಕಾದಷ್ಟು ಬಿಡಾರಗಳಿವೆ ಎಂದು ಯೇಸು ಶಿಷ್ಯರಿಗೆ ಹೇಳುವ ಮಾತಿಗೆ ಬಂದಾಗ ಅಜ್ಜಿ ಕಣ್ಣು ತೆರೆದರು. ಮದುವೆಯಾದಂದಿನಿಂದ ಬಾಡಿಗೆಯ ಕೋಣೆಯಿಂದ ಬಾಡಿಗೆಯ ಕೋಣೆಗೆ ಪಾತ್ರೆ ಪಗಡಿ ಹೊತ್ತು ತಿರುಗಿದವರು ಅವರು. “ಬಿಡಾರ ಅಂದರೆ, ಅಲ್ಲಿಂದಲೂ ಏಳಬೇಕಾ ಮಗಾ?” ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಹಿರಿಯರು ಪ್ರಾರ್ಥನೆ ಮಾಡಿದರು, ನಾವು ಎದ್ದು ಬಂದೆವು.

ದೇವರ ಕರೆ ಎಂದು ನಾನು ಹೇಳುವುದು ಇದನ್ನೇ. ದರ್ಶನವಾಗಲಿಲ್ಲ, ಧ್ವನಿ ಕೇಳಿಸಲಿಲ್ಲ. ಆದರೆ ಬ್ಯಾಂಕಿನಲ್ಲಿ ನೋಟು ಎಣಿಸುವಾಗಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕರೆ ಬಂದಿತೆಂದು ಒಬ್ಬನೇ ಹೇಳಿಕೊಂಡರೆ ನಮ್ಮಲ್ಲಿ ಸಾಲದು, ಸಭೆ ಶಿಫಾರಸು ಮಾಡಬೇಕು, ಬಿಷಪ್ಪರ ಆಡಳಿತದ ಪ್ರಾಂತವಾದ ಡಯಾಸಿಸ್ ಸಂದರ್ಶಿಸಿ ಒಪ್ಪಬೇಕು. ಅಪ್ಪ ಒಪ್ಪಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಕೊನೆಗೆ ಬಲ್ಮಠದ ದೈವಜ್ಞಾನ ಕಾಲೇಜಿಗೆ ಸೇರಿದೆ.

ಅಲ್ಲಿ ಗ್ರೀಕ್ ಕಲಿಯುವಾಗ ಆ ಅಧ್ಯಾಯವನ್ನೇ ಮೊದಲು ತೆರೆದೆ. ಬಿಡಾರವೆಂದು ನಾವು ಓದುವಲ್ಲಿ ಮೂಲದಲ್ಲಿರುವುದು ‘ಮೊನೆ’ ಎಂಬ ಪದ; ‘ನೆಲೆಸಿರು’ ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಇಡೀ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಕಡೆ, ಎರಡೂ ಅದೇ ಅಧ್ಯಾಯದಲ್ಲಿ: 2ನೆಯ ವಚನದಲ್ಲಿ ನಮಗಾಗಿ ದೇವರ ಬಳಿ ಇರುವ ನೆಲೆ, 23ನೆಯ ವಚನದಲ್ಲಿ ತನ್ನನ್ನು ಪ್ರೀತಿಸುವವನ ಬಳಿಗೆ ಬಂದು ತಂದೆಯೂ ಮಗನೂ ಮಾಡಿಕೊಳ್ಳುವ ನೆಲೆ. ಏಳಬೇಕಾಗಿಲ್ಲ ಅಜ್ಜೀ ಎಂದು ಹೇಳಲು ನನಗೆ ಈಗ ಆಧಾರ ಸಿಕ್ಕಿತ್ತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಹೌದು, ಸ್ವರ್ಗವನ್ನು ನಂಬುತ್ತೇನೆ. ಚಿನ್ನದ ಬೀದಿ, ಮುತ್ತಿನ ಬಾಗಿಲುಗಳ ವರ್ಣನೆ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿದೆ, ಆದರೆ ನನ್ನ ನಿರೀಕ್ಷೆ ಅವುಗಳ ಮೇಲೆ ನಿಂತಿಲ್ಲ. ಪುಣ್ಯ ಕೂಡಿಟ್ಟು ಪಡೆಯುವ ಜಾಗವೆಂದೂ ನಾನು ಬೋಧಿಸುವುದಿಲ್ಲ, ಅದು ಕ್ರಿಸ್ತನ ಕೃಪೆಯಿಂದ ದೊರೆಯುವಂಥದ್ದು. ಎಳೆಯ ಮಗುವಿನ ಪೆಟ್ಟಿಗೆಯನ್ನು ಕುಣಿಗೆ ಇಳಿಸುವಾಗ ನನ್ನ ಗಂಟಲೂ ಕಟ್ಟುತ್ತದೆ, ಮಾತು ನಿಲ್ಲುತ್ತದೆ. ಆಗ ಪುಸ್ತಕ ತೆರೆದು ಅದೇ ಅಧ್ಯಾಯ ಓದುತ್ತೇನೆ. ಬಿಡಾರ ಎಂಬ ಮಾತು ಬಂದಾಗ ಒಂದು ಕ್ಷಣ ನಿಂತು, ಅಲ್ಲಿಂದ ಯಾರೂ ಏಳಬೇಕಾಗಿಲ್ಲ ಎಂದು ಸೇರಿಸಿ, ಮುಂದಿನ ವಚನಕ್ಕೆ ಹೋಗುತ್ತೇನೆ.