99 ಡಿಬಿ ಸ್ಪೀಕರ್‌ಗೆ ಯಾವ ವಾಲ್ವ್ ಆಂಪ್ಲಿಫೈಯರ್ ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು: ಮೂಡಿಗೆರೆ ಹತ್ತಿರ ತೋಟದ ಮನೆ, 12 ಅಡಿಗೆ 16 ಅಡಿ ಹಾಲ್, ಕ್ಲಿಪ್ಷ್ ಹೆರೆಸಿ 3 ಸ್ಪೀಕರ್ ತಂದಾಗಿದೆ. ಕರ್ನಾಟಕ ಸಂಗೀತ, ಯಕ್ಷಗಾನ ಜಾಸ್ತಿ ಕೇಳ್ತೀರಿ. ವಾಲ್ವ್ (ಸದ್ದನ್ನು ಜೋರು ಮಾಡೋ, ಕಾದು ಕೆಲಸ ಮಾಡೋ ಗಾಜಿನ ಬುರುಡೆ) ಜಾತಿಗಳಲ್ಲಿ 8 ವ್ಯಾಟ್‌ನ 300ಬಿ ಒಳ್ಳೆಯದಾ, 35 ವ್ಯಾಟ್‌ನ ಇಎಲ್34 ಒಳ್ಳೆಯದಾ?

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನ್ನೂ ಬಿಟ್ಟು ಇಎಲ್84 ವಾಲ್ವ್‌ನ ಪುಶ್-ಪುಲ್ (ಎರಡು ವಾಲ್ವ್ ಜೋಡಿಯಾಗಿ, ಒಂದು ತಳ್ಳಿದರೆ ಇನ್ನೊಂದು ಎಳೆಯೋ ಸರ್ಕಿಟ್) ತಗೊಳ್ಳುತ್ತಿದ್ದೆ. ಚಾನೆಲ್‌ಗೆ 12ರಿಂದ 15 ವ್ಯಾಟ್ ಬರುತ್ತೆ, ಸಾಕು. ಆದರೆ ವ್ಯಾಟ್‌ಗಿಂತ ಮೊದಲು ನೋಡಬೇಕಾದ್ದು ಗುಂಯ್ ಅನ್ನೋ ಹಮ್ ಎಷ್ಟಿದೆ ಅಂತ.

ವ್ಯಾಟ್ ಲೆಕ್ಕ ಬೇಗ ಮುಗಿಸೋಣ. ನಿಮ್ಮ ಸ್ಪೀಕರ್‌ನ 99 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಕೇಳಿಸೋ ಸದ್ದು. ಬ್ರೋಷರ್ ಲೆಕ್ಕ ಸ್ವಲ್ಪ ಧಾರಾಳವಾಗಿರುತ್ತೆ, 96 ಅಂತಲೇ ಹಿಡಿಯಿರಿ. ನೀವು 10 ಅಡಿ ದೂರ ಕೂತರೆ, ಎರಡೂ ಸ್ಪೀಕರ್ ಮತ್ತು ಗೋಡೆಗೆ ಬಡಿದು ಬರೋದು ಸೇರಿ, ತಲಾ 1 ವ್ಯಾಟ್‌ಗೆ ಹತ್ತಿರ ಹತ್ತಿರ 90 ಡಿಬಿ. ಪವರ್ ಎರಡು ಪಟ್ಟಾದಾಗ 3 ಡಿಬಿ ಮಾತ್ರ ಏರುತ್ತೆ. ಹಾಗಾಗಿ 8 ವ್ಯಾಟ್‌ಗೆ 99, 35 ವ್ಯಾಟ್‌ಗೆ 105. ಹಾಡು, ವೀಣೆಗೆ 8 ವ್ಯಾಟ್ ಧಾರಾಳ. ಯಕ್ಷಗಾನದ ಚಂಡೆ ಹಾಗಲ್ಲ. ಅದರ ಪೆಟ್ಟು ಹಾಡಿಗಿಂತ ಎಷ್ಟೋ ಮೇಲೆ ಹಾರುತ್ತೆ, ಅಲ್ಲಿ ಜಾಗ ಬೇಕು. ಅದಕ್ಕೇ 15 ವ್ಯಾಟ್ ಅಂದೆ.

ಈಗ ಹಮ್ ವಿಷಯ. ಸ್ಪೀಕರ್ ಹಾಡನ್ನು ಎಷ್ಟು ಸಲೀಸಾಗಿ ನುಡಿಸುತ್ತೋ ಆಂಪ್ಲಿಫೈಯರ್‌ನ ಗಲೀಜನ್ನೂ ಅಷ್ಟೇ ಸಲೀಸಾಗಿ ನುಡಿಸುತ್ತೆ. 86 ಡಿಬಿಯ ಶೆಲ್ಫ್ ಸ್ಪೀಕರ್‌ನಲ್ಲಿ ಗೊತ್ತೇ ಆಗದ ಹಮ್ ನಿಮ್ಮದರಲ್ಲಿ 10 ಡಿಬಿ ಜೋರಾಗಿ ಬರುತ್ತೆ. ಮಳೆ ಇಲ್ಲದ ರಾತ್ರಿ ತೋಟದ ಮನೆ ಎಷ್ಟು ನಿಶ್ಶಬ್ದ ಅಂತ ನಿಮಗೆ ಹೇಳಬೇಕಾಗಿಲ್ಲ. ಆಲಾಪನೆ ಶುರುವಾಗೋ ಮುಂಚೆ ತಂಬೂರಿ ಒಂದೇ ಇರುತ್ತಲ್ಲ, ಆ ಹೊತ್ತಿಗೆ ಅದರ ಕೆಳಗೆ 100 ಹರ್ಟ್ಸ್‌ನ ಬೇರೊಂದು ಶ್ರುತಿ ಬೆರೆತರೆ ಮನಸ್ಸು ಕೆಡುತ್ತೆ. ಇದು ನನಗೆ ಸಣ್ಣ ವಿಷಯ ಅಲ್ಲ.

ಕೊಳ್ಳೋ ಮುಂಚೆ ಅಳೆದು ನೋಡಿ. ಸ್ಪೀಕರ್ ಜೋಡಿಸಿರಲಿ, ವಾಲ್ಯೂಮ್ ಸೊನ್ನೆಗೆ ಇಡಿ, ಹತ್ತು ನಿಮಿಷ ಕಾಯಲಿ. ಆಮೇಲೆ ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟ್‌ಗೆ ಹಾಕಿ ಸ್ಪೀಕರ್ ಟರ್ಮಿನಲ್ ಮೇಲೆ ಇಡಿ. 1 ಮಿಲಿವೋಲ್ಟ್ ಒಳಗಿದ್ದರೆ ಕೂತ ಜಾಗಕ್ಕೆ ಏನೂ ಕೇಳಿಸದು. 5 ಇದ್ದರೆ ಖಂಡಿತ ಕೇಳಿಸುತ್ತೆ, ತಗೋಬೇಡಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರ್ ಓಡಿಸಬೇಡಿ, ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಇರೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಅಪಾಯ. ತಳದ ತಗಡು ಬಿಚ್ಚಲೇಬೇಡಿ. ಒಳಗೆ 300-400 ವೋಲ್ಟ್ ಇರುತ್ತೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತೆ.

300ಬಿ ಕೆಟ್ಟದ್ದು ಅಂತಲ್ಲ. ಚೆನ್ನಾಗಿ ಕಟ್ಟಿದ್ದು ಸಿಕ್ಕರೆ ದನಿಯಂತೂ ಎದುರಿಗೆ ಕೂತು ಹಾಡಿದ ಹಾಗೇ. ಆದರೆ ಅದರ ಫಿಲಮೆಂಟೇ (ಕಾಯೋ ತಂತಿ) ಕ್ಯಾಥೋಡ್ (ಎಲೆಕ್ಟ್ರಾನ್ ಹೊರಬಿಡೋ ಭಾಗ) ಆಗಿರೋದರಿಂದ ಎಸಿ ಹಾಕಿ ಕಾಯಿಸಿದರೆ ಹಮ್ ಸುಲಭವಾಗಿ ನುಸುಳುತ್ತೆ. ಇನ್ನೊಂದು, 8 ವ್ಯಾಟ್‌ನ 300ಬಿ ಸಿಂಗಲ್-ಎಂಡೆಡ್, ಅಂದರೆ ಒಂದೇ ವಾಲ್ವ್ ದುಡಿಯೋ ಸರ್ಕಿಟ್. ಅದರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಡಿಸಿ ಸದಾ ಹರಿಯುತ್ತಿರುತ್ತೆ. ಆ ಡಿಸಿಯ ಕಾಂತಬಲದಿಂದ ಕಬ್ಬಿಣದ ಕೋರ್ ತುಂಬಿಹೋಗದಿರಲಿ ಅಂತ ಕೋರ್‌ನಲ್ಲಿ ಗ್ಯಾಪ್ ಬಿಡಬೇಕು, ಆದ್ದರಿಂದ ಕಬ್ಬಿಣ ಜಾಸ್ತಿ ಬೇಕು. ಅಗ್ಗದ 300ಬಿಯಲ್ಲಿ ಉಳಿಸೋದು ಇದೇ ಕಬ್ಬಿಣದಲ್ಲಿ. ಆಗ ಕೆಳಗಿನ ಸ್ವರ ಸೊರಗುತ್ತೆ. ಜೊತೆಗೆ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶವನ್ನು ಒಳಕ್ಕೆ ತಿರುಗಿಸಿ ತಪ್ಪು ತಿದ್ದೋದು) ಇಲ್ಲದಿದ್ದರೆ ವೂಫರ್ (ಕೆಳಗಿನ ಸ್ವರ ನುಡಿಸೋ ದೊಡ್ಡ ಕೋನ್) ಮೇಲೆ ಹಿಡಿತ ಸಡಿಲ, ಮೃದಂಗದ ಎಡಗಡೆಯ ಪೆಟ್ಟು ಗುಮ್ಮೆಂದು ಎಳೆದುಕೊಂಡು ಹೋಗುತ್ತೆ. ಅದೇ ದುಡ್ಡಿಗೆ ಸಿಗೋ ಪುಶ್-ಪುಲ್‌ನಲ್ಲಿ ಎರಡೂ ಕಡೆಯ ಡಿಸಿ ಒಂದಕ್ಕೊಂದು ಕಳೆದುಹೋಗುತ್ತೆ, ಸಪ್ಲೈನಿಂದ ಬರೋ ಹಮ್ ಕೂಡ ಬಹುಪಾಲು ಹಾಗೇ ಕಳೆಯುತ್ತೆ. ಬಜೆಟ್ ಅಗ್ಗದ 300ಬಿ ಮಟ್ಟದ್ದಾದರೆ ಇದೇ ಸರಿ.

ಇಎಲ್34ನಲ್ಲಿ ನನಗೆ ತಕರಾರು ಒಂದೇ. ನಿಮಗೆ ಬೇಡದ ಪವರ್‌ಗೆ ದುಡ್ಡು ಕೊಟ್ಟು, ಬೇಡದ ಬಿಸಿಯನ್ನೂ ತಂದ ಹಾಗಾಗುತ್ತೆ.

ನಮ್ಮ ಕಡೆ ಕರೆಂಟಿನ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಓಡುವಾಗ ವೋಲ್ಟೇಜ್ ಕುಸಿಯುತ್ತೆ, ಮೋಟರ್ ನಿಂತ ಮೇಲೆ ರಾತ್ರಿ ಏರುತ್ತೆ. ಹೊರದೇಶದ ಎಷ್ಟೋ ಮಾಡೆಲ್‌ಗಳ ಟ್ರಾನ್ಸ್‌ಫಾರ್ಮರ್ 220 ವೋಲ್ಟ್‌ಗೆ ಸುತ್ತಿದ್ದು. ನಿಮ್ಮಲ್ಲಿ 250 ಬಂದರೆ 6.3 ವೋಲ್ಟ್ ಸಿಗಬೇಕಾದ, ವಾಲ್ವ್ ಕಾಯಿಸೋ ಹೀಟರ್‌ಗೆ 7.1ರ ಮೇಲೆ ಹೋಗುತ್ತೆ, ವಾಲ್ವ್ ಬೇಗ ಸಾಯುತ್ತೆ. 230 ಅಥವಾ 240ರ ಟ್ಯಾಪ್ (ಆ ವೋಲ್ಟ್‌ಗೆ ತಕ್ಕ ಜೋಡಣೆ) ಇರೋದನ್ನೇ ಕೇಳಿ. ಒಳ್ಳೆ ಸ್ಟೆಬಿಲೈಸರ್ ಹಾಕಿ. ಇನ್ವರ್ಟರ್ ಮೇಲೆ ಓಡಿಸೋದಾದರೆ ಸೈನ್‌ವೇವ್ ಇರೋದೇ ಆಗಬೇಕು, ಸ್ಕ್ವೇರ್‌ವೇವ್‌ಗೆ ಟ್ರಾನ್ಸ್‌ಫಾರ್ಮರೇ ಗುರ್ ಅನ್ನುತ್ತೆ. ಏಪ್ರಿಲ್, ಮೇನಲ್ಲಿ ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು.

ಮಳೆಗಾಲದಲ್ಲಿ ಬಟ್ಟೆ ಮುಚ್ಚಿ ಇಡೋ ಬದಲು ಎರಡು ದಿನಕ್ಕೊಮ್ಮೆ ಒಂದು ಗಂಟೆ ಹಾಡು ಹಾಕಿ. ಆ ಬಿಸಿಗೆ ಸಾಕೆಟ್, ಟ್ರಾನ್ಸ್‌ಫಾರ್ಮರ್ ಒಣಗಿರುತ್ತೆ, ಬೂಷ್ಟು ಹಿಡಿಯೋಲ್ಲ.

ಆಂಪ್ಲಿಫೈಯರ್ ಬಂದ ಮೇಲೆ ಸ್ಪೀಕರ್ ವೈರನ್ನು ಒಮ್ಮೆ 4 ಓಮ್ ಟ್ಯಾಪ್‌ಗೆ, ಇನ್ನೊಮ್ಮೆ 8 ಓಮ್ ಟ್ಯಾಪ್‌ಗೆ ಹಾಕಿ ಕೇಳಿ. ಸ್ಪೀಕರ್ ಮೇಲೆ 8 ಅಂತ ಬರೆದಿದ್ದರೂ ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆ) ಎಲ್ಲಾ ಸ್ವರಕ್ಕೂ ಒಂದೇ ಇರೋಲ್ಲ. ಮೃದಂಗದ ಎಡಗಡೆ ಯಾವುದರಲ್ಲಿ ಚೊಕ್ಕವಾಗಿ ನಿಲ್ಲುತ್ತೋ ಅದನ್ನೇ ಇಟ್ಟುಕೊಳ್ಳಿ.