ಕಂಪನಿ ನಡೆಸುವವರಿಗೂ ಕೋಚ್ ಬೇಕೇ?

ಇಷ್ಟು ವರ್ಷ ಕಂಪನಿ ಕಟ್ಟಿದವರಿಗೆ ಹೊರಗಿನವರೊಬ್ಬರು ಹೇಳಿಕೊಡುವುದೇನಿದೆ ಎಂದು ಕೇಳಿದ್ದೀರಿ. 2001ರಲ್ಲಿ ಗೂಗಲ್ ಸಿಇಒ ಆದ ಎರಿಕ್ ಶ್ಮಿಟ್ ಅವರಿಗೂ ಹೀಗೇ ಅನಿಸಿತ್ತು. ಕೋಚ್ ಇಟ್ಟುಕೊಳ್ಳಿ ಎಂದು ಹೂಡಿಕೆದಾರ ಜಾನ್ ಡೋರ್ ಹೇಳಿದಾಗ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಬಿಲ್ ಕ್ಯಾಂಪ್‌ಬೆಲ್ ಎಂಬ ಕೋಚ್ ಜೊತೆ ಕೂತರು; ತಮಗೆ ಸಿಕ್ಕ ಅತ್ಯುತ್ತಮ ಸಲಹೆ ಡೋರ್ ಅವರ ಆ ಮಾತೇ ಎಂದು ಮುಂದೆ ಅವರೇ ಹೇಳಿದರು. ಕ್ಯಾಂಪ್‌ಬೆಲ್ ಎಂಜಿನಿಯರ್ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಫುಟ್‌ಬಾಲ್ ಕೋಚ್ ಆಗಿದ್ದವರು, ಆಮೇಲೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಇಂಟ್ಯೂಟ್ ಕಂಪನಿಯ ಸಿಇಒ ಆದವರು.

ಕನ್ಸಲ್ಟೆಂಟ್ ಉತ್ತರ ಬರೆದುಕೊಡುತ್ತಾರೆ. ಕೋಚ್ ಕೇಳುವುದು ಪ್ರಶ್ನೆ: ಮೀಟಿಂಗ್‌ನಲ್ಲಿ ಮೊದಲು ಮಾತಾಡುವವರು ಯಾವಾಗಲೂ ನೀವೇ ಯಾಕೆ? ಆ ಮ್ಯಾನೇಜರ್ ಜೊತೆ ಆಡಲೇಬೇಕಾದ ಮಾತನ್ನು ಎಷ್ಟು ತಿಂಗಳಿಂದ ಮುಂದೂಡಿದ್ದೀರಿ? ಮೇಲೆ ಹೋದಷ್ಟೂ ಇಂಥದ್ದನ್ನು ಮುಖಕ್ಕೆ ಹೇಳುವವರು ಕಡಿಮೆ. ಕೆಳಗಿನವರಿಗೆ ಕೆಲಸದ ಭಯ, ಬೋರ್ಡಿಗೆ ಲಾಭ-ನಷ್ಟದ ಚಿಂತೆ. ಮನೆಯಲ್ಲಂತೂ ಎಲ್ಲ ಹೇಳಿಕೊಳ್ಳಲಾಗದು.

ಫೀಸು ಕಂಪನಿಯೇ ಕೊಡುವುದಾದರೆ, ನೀವು ಆಡಿದ ಮಾತು ಎಚ್‌ಆರ್‌ಗಾಗಲಿ ಬೋರ್ಡಿಗಾಗಲಿ ಹೋಗುವುದಿಲ್ಲ ಎಂದು ಮೊದಲ ದಿನವೇ ಬರೆಸಿಕೊಳ್ಳಿ. ಕೋಚ್ ಬಳಿ ಇರುವ ಸರ್ಟಿಫಿಕೇಟಿಗಿಂತ ಇದೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಖಿನ್ನತೆ, ನಿದ್ದೆಗೇಡು ಕಾಡುತ್ತಿದ್ದರೆ ಮಾತ್ರ ಮೊದಲು ವೈದ್ಯರನ್ನು ನೋಡಿ.